ಪುಣೆಯ ಚಳಿಗೆ ಮೈಗೇನು ಹಚ್ಚೋಣ? ಎಣ್ಣೆ, ಜೆಲ್ಲಿ, ಲೋಷನ್, ಕ್ರೀಮ್: ಯಾರಿಗೆ ಯಾವುದು

ದೀಪಾವಳಿ ಮುಗಿದು ಎರಡು ವಾರ ಆಗುವಷ್ಟರಲ್ಲಿ ನಮ್ಮ ಅಂಗಡಿಯ ಕೌಂಟರ್ ಮೇಲೆ ಚಾಚುವ ಕೈಗಳೇ ಬದಲಾಗಿರುತ್ತವೆ. ಬೆರಳ ಗೆಣ್ಣುಗಳ ಮೇಲೆ ಬೂದಿ ಬಳಿದ ಹಾಗೆ ಬಿಳಿ ಪೊರೆ. ಹೆಬ್ಬೆರಳ ತುದಿಯಲ್ಲಿ, ಉಗುರಿನ ಪಕ್ಕ, ಕಾಗದ ಕೊಯ್ದ ಹಾಗೆ ಒಂದು ಸೀಳು. ಕೋಥ್ರೂಡಿನ ಮೆಡಿಕಲ್ ಒಂದರಲ್ಲಿ ಫಾರ್ಮಸಿಸ್ಟ್ ಆಗಿ ಹನ್ನೊಂದು ಚಳಿಗಾಲ ನೋಡಿದ್ದೇನೆ. ಇವಳು ಶಿರಸಿ ಕಡೆಯವಳು ಅಂತ ಗೊತ್ತಾದ ಮೇಲೆ ಕನ್ನಡದ ಗಿರಾಕಿಗಳು ಸ್ವಲ್ಪ ಹೊತ್ತು ನಿಂತೇ ಕೇಳುತ್ತಾರೆ. "ಅಕ್ಕಾ, ಮನೇಲಿ ತೆಂಗಿನೆಣ್ಣೆ ಇದೆ, ಅದೇ ಸಾಕಾ? ಇಲ್ಲಾ ಈ ಎಂಟುನೂರರ ಕ್ರೀಮೇ ತಗೋಬೇಕಾ?"

ಹಿಂದೆ ಹತ್ತು ಜನ ನಿಂತಿರುವಾಗ ಇದಕ್ಕೆ ಸರಿಯಾಗಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಯಾವ ಸಾಮಾನು ಏನು ಕೆಲಸ ಮಾಡುತ್ತದೆ, ಯಾರಿಗೆ ಒಗ್ಗುತ್ತದೆ ಅನ್ನುವಷ್ಟು ನನಗೆ ಗೊತ್ತು.

ಮೊದಲು ಅಳತೆಗೋಲು

ನಮ್ಮ ಚರ್ಮದ ಮೇಲ್ಪದರ ಅಂದರೆ ಒತ್ತಾಗಿ ಹಾಸಿದ ಸತ್ತ ಜೀವಕೋಶಗಳು, ಅವುಗಳ ನಡುವೆ ಮೆತ್ತಿಕೊಂಡ ಜಿಡ್ಡು. ಆ ಜಿಡ್ಡು ಒಳಗಿನ ನೀರನ್ನು ಹಿಡಿದಿಡುತ್ತದೆ. ಗಾಳಿ ಒಣಗಿದಾಗ ನೀರು ಬೇಗ ಆರಿಹೋಗುತ್ತದೆ. ಜೊತೆಗೆ ನಾವು ಸುಡುವ ನೀರು, ಸಾಬೂನು ಹಾಕಿ ಜಿಡ್ಡನ್ನೂ ತೊಳೆದುಬಿಡುತ್ತೇವೆ. ಸಾರಿಸಿದ ನೆಲ ಬಿಸಿಲಿಗೆ ಬಿರಿದ ಹಾಗೆ ಮೈ ಬಿರಿಯುತ್ತದೆ.

ಆದ್ದರಿಂದ ಮೈಗೆ ಹಚ್ಚುವ ಯಾವುದೇ ವಸ್ತುವಿಗೆ ಮೂರೇ ಕೆಲಸ. ನೀರನ್ನು ಎಳೆದು ಹಿಡಿಯುವುದು ಒಂದು. ಗ್ಲಿಸರಿನ್, ಯೂರಿಯಾ, ಹಯಲುರೋನಿಕ್ ಆಸಿಡ್ ಇದನ್ನು ಮಾಡುತ್ತವೆ. ಸಂದುಗಳನ್ನು ತುಂಬಿ ಚರ್ಮ ಮೆತ್ತಗೆ ಮಾಡುವುದು ಇನ್ನೊಂದು. ಎಣ್ಣೆಗಳು, ಸಿರಾಮೈಡ್ ಎಂಬ ಕೊಬ್ಬು ಈ ಕೆಲಸಕ್ಕೆ. ಮೇಲೆ ಮುಚ್ಚಳ ಹಾಕಿ ನೀರು ಆರದಂತೆ ತಡೆಯುವುದು ಮೂರನೆಯದು. ಅದಕ್ಕೆ ಪೆಟ್ರೋಲಿಯಂ ಜೆಲ್ಲಿಯಷ್ಟು ಗಟ್ಟಿಗ ಇನ್ನೊಬ್ಬನಿಲ್ಲ. ಯಾವ ಡಬ್ಬಿ ಕೈಗೆತ್ತಿಕೊಂಡರೂ ಈ ಮೂರರಲ್ಲಿ ಇದು ಯಾವುದನ್ನು ಮಾಡುತ್ತದೆ ಅಂತ ಕೇಳಿ. ಮುಕ್ಕಾಲು ಗೊಂದಲ ಅಲ್ಲೇ ಹೋಗುತ್ತದೆ.

ಎರಡನೆಯದು, ನೀವಿರುವ ಊರು. ಪುಣೆ ಸಹ್ಯಾದ್ರಿಯ ಮೂಡಣ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿ ಇಲ್ಲಿ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಮಧ್ಯಾಹ್ನ 28-30ಕ್ಕೆ ಏರಿ ಗಾಳಿ ಒಣಗಿ ಗರಿಗರಿ ಆಗಿರುತ್ತದೆ. ಮುಂಬೈ ಪಕ್ಕದ ಡೊಂಬಿವಲಿಯ ನನ್ನ ನಾದಿನಿಗೆ ತೆಳು ಲೋಷನ್ನೇ ಸಾಕು, ಕಡಲಿನ ತೇವ ಅಲ್ಲಿ ಅರ್ಧ ಕೆಲಸ ಮಾಡುತ್ತದೆ. ಗೋವಾದಲ್ಲಿ ರಾತ್ರಿಯೂ 20ರ ಹತ್ತಿರ ಇರುವುದರಿಂದ ಗಟ್ಟಿ ಕ್ರೀಮ್ ಹಚ್ಚಿದರೆ ಸೆಕೆಗೆ ಮೈ ಅಂಟುತ್ತದೆ. ಅವರಿಗೆ ಒಗ್ಗಿದ್ದು ನಮಗೆ ಸಾಲದು, ನಮಗೆ ಒಗ್ಗಿದ್ದು ಅವರಿಗೆ ಜಾಸ್ತಿ.

ಮೂರನೆಯದು ಮೈಯ ಯಾವ ಭಾಗ ಅನ್ನುವುದು. ಮೊಣಕಾಲಿನ ಕೆಳಗಿನ ಕಾಲಿನಲ್ಲಿ ಎಣ್ಣೆಗ್ರಂಥಿ ಕಡಿಮೆ, ಅಂಗಾಲಿನಲ್ಲಿ ಇಲ್ಲವೇ ಇಲ್ಲ. ಮುಖದಲ್ಲಿ ಬೇಕಾದಷ್ಟಿವೆ. ಇಡೀ ಮೈಗೆ ಒಂದೇ ಡಬ್ಬಿ ಅಂತ ಹೊರಟರೆ ಕಾಲಿಗೆ ಕಡಿಮೆ, ಮುಖಕ್ಕೆ ಹೆಚ್ಚು ಆಗುವುದು ಖಂಡಿತ.

ಇನ್ನು ದುಡ್ಡು. ಇದರಲ್ಲಿ ಒಂದು ಲೆಕ್ಕ ಯಾರೂ ಹೇಳುವುದಿಲ್ಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗಿನ ಉದ್ದಕ್ಕೆ ಟ್ಯೂಬಿನಿಂದ ಕ್ರೀಮ್ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಪಾದ ಸೇರಿ ಒಂದು ಕಾಲಿಗೆ ಅಂಥ 8 ಬೇಕು, ಹಸ್ತ ಸೇರಿ ಒಂದು ಕೈಗೆ 4. ಎರಡು ಕೈ, ಎರಡು ಕಾಲು ಸೇರಿದರೆ 24, ಅಂದರೆ 12 ಗ್ರಾಂ. ದಿನಕ್ಕೆ ಒಂದೇ ಸಲ ಹಚ್ಚಿದರೂ ತಿಂಗಳಿಗೆ 360 ಗ್ರಾಂ! 200 ಗ್ರಾಂನ ದುಬಾರಿ ಕ್ರೀಮ್ ಹದಿನೇಳು ದಿನಕ್ಕೆ ಖಾಲಿ. ದುಬಾರಿ ಅಂತ ಚೂರೇ ಚೂರು ಹಚ್ಚಿ "ಏನೂ ಉಪಯೋಗ ಆಗಲಿಲ್ಲ" ಅನ್ನುವವರನ್ನು ಎಷ್ಟೋ ಜನ ನೋಡಿದ್ದೇನೆ. ಹೊಟ್ಟೆ ತುಂಬ ಹಚ್ಚಬಹುದಾದ ಅಗ್ಗದ ವಸ್ತು ಜಿಪುಣತನದಲ್ಲಿ ಹಚ್ಚುವ ದುಬಾರಿ ವಸ್ತುವಿಗಿಂತ ಮೇಲು. ಇದು ನನ್ನ ಗಟ್ಟಿ ಅಭಿಪ್ರಾಯ.

ತೆಂಗಿನೆಣ್ಣೆ ಮತ್ತು ಅದರ ನೆಂಟರು

ಜನವರಿಯ ಬೆಳಗ್ಗೆ ನಮ್ಮ ಬಚ್ಚಲಿನ ತೆಂಗಿನೆಣ್ಣೆ ಬಾಟಲಿ ತಲೆಕೆಳಗೆ ಮಾಡಿದರೂ ಒಂದು ಹನಿ ಬೀಳುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಿದರೆ ಅಂಚಿನಿಂದ ಕರಗುತ್ತಾ ಬಂದು ನಡುವೆ ಬಿಳಿ ಗಡ್ಡೆಯೊಂದು ತೇಲುತ್ತದೆ. ಅಷ್ಟು ಹೊತ್ತು ಕಾಯುವ ಪುರುಸೊತ್ತು ಇಲ್ಲದೆ ಅನೇಕರು ಚಳಿಗಾಲದಲ್ಲೇ ಎಣ್ಣೆ ಬಿಡುತ್ತಾರೆ. ಬಾಯಿ ಅಗಲದ ಡಬ್ಬಿಗೆ ಸುರಿದಿಟ್ಟುಕೊಳ್ಳಿ. ಗಟ್ಟಿಯಾದರೂ ಬೆರಳಲ್ಲಿ ತೆಗೆದು ಅಂಗೈಯಲ್ಲಿ ಉಜ್ಜಿದರೆ ಕರಗುತ್ತದೆ.

ತೆಂಗಿನೆಣ್ಣೆ ಅಜ್ಜಿಯ ಕಾಲದ್ದು ಅಂತ ಹಗುರ ಮಾಡಬೇಡಿ. 2004ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಒಣಚರ್ಮದವರ ಮೇಲೆ ಪರೀಕ್ಷೆ ಮಾಡಿದಾಗ ಹಸಿ ತೆಂಗಿನೆಣ್ಣೆ, ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್‌ನಷ್ಟೇ ಕೆಲಸ ಮಾಡಿತು. ಸಣ್ಣ ಪರೀಕ್ಷೆ, ಆದರೆ ಚೊಕ್ಕವಾಗಿ ಮಾಡಿದ್ದು. ಈಚೆಗೆ ಬೆಲೆ ಏರಿದ್ದೇ ಇದರ ತೊಂದರೆ. ಜೊತೆಗೆ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಬೇಗ ಮೊಡವೆ ಏಳುವ ಮುಖಕ್ಕೆ ಇದು ಬೇಡ.

ಸ್ನಾನಕ್ಕೆ ಮೊದಲು ಹಚ್ಚುವುದೋ, ಆಮೇಲೋ? ಎರಡೂ ಬೇರೆ ಬೇರೆ ಕೆಲಸ. ಮೊದಲು ಹಚ್ಚಿದ ಎಣ್ಣೆ ಸಾಬೂನಿನ ಪೆಟ್ಟು ತಡೆಯುತ್ತದೆ. ಆಮೇಲೆ ಒದ್ದೆ ಮೈಗೆ ಹಚ್ಚಿದ್ದು ನೀರನ್ನು ಒಳಗೆ ಉಳಿಸುತ್ತದೆ. ಬೆಳಗ್ಗೆ ಚೆನ್ನಾಗಿ ಎಣ್ಣೆ ಹಚ್ಚಿಕೊಂಡು, ಅದು ಪೂರ್ತಿ ಹೋಗುವವರೆಗೆ ಕಡಲೆಹಿಟ್ಟಿನಲ್ಲೋ ಸಾಬೂನಿನಲ್ಲೋ ಉಜ್ಜಿ ತೊಳೆದರೆ ಸುಮ್ನೆ ಎಣ್ಣೆ ಖರ್ಚು. ಪುಣೆಯವರು ದೀಪಾವಳಿಗೆ ಹಚ್ಚುವ ಉಟಣೆಯೂ ಹಾಗೇ. ಹಬ್ಬದ ಒಂದು ದಿನಕ್ಕೆ ಚಂದ, ಘಮಘಮ. ಉಳಿದ ಪುಡಿಯನ್ನು ಜನವರಿವರೆಗೆ ದಿನಾ ಉಜ್ಜಬೇಡಿ, ಇರುವ ಜಿಡ್ಡನ್ನೂ ಹೀರಿಬಿಡುತ್ತದೆ.

ಎಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆ ಪರವಾಗಿಲ್ಲ. ಎಳ್ಳೆಣ್ಣೆಗೆ ವಾಸನೆ ಜಾಸ್ತಿ ಅಷ್ಟೆ. ಆಲಿವ್ ಎಣ್ಣೆಗೆ ಹೆಸರು ದೊಡ್ಡದು, ಆದರೆ ಒಣಚರ್ಮಕ್ಕೆ ಒಳ್ಳೆಯದಲ್ಲ, ಮೇಲ್ಪದರವನ್ನು ಸಡಿಲ ಮಾಡುತ್ತದೆ. ಸಾಸಿವೆ ಎಣ್ಣೆ ಕೂಸಿನ ಮೈಗೆ ಹಚ್ಚಲೇಬೇಡಿ. ಆ ಖಾರ ಎಳೆ ಚರ್ಮವನ್ನು ಸುಡುತ್ತದೆ. ಪಕ್ಕದ ಮನೆಯವರು ಎಷ್ಟೇ ಹೇಳಲಿ, ಬೇಡ.

ಪೆಟ್ರೋಲಿಯಂ ಜೆಲ್ಲಿ

1872ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೋ ವ್ಯಾಸಲೀನ್‌ಗೆ ಪೇಟೆಂಟ್ ಪಡೆದ. ಅಂದಿನಿಂದ ಮುಚ್ಚಳದ ಕೆಲಸದಲ್ಲಿ ಇದನ್ನು ಮೀರಿಸಿದ್ದು ಬಂದಿಲ್ಲ. ಅಗ್ಗ, ಕೆಡುವುದಿಲ್ಲ. ಸುವಾಸನೆ ಸೇರಿಸದ ಬಿಳಿ ಜೆಲ್ಲಿ ಕೂಸಿಗೂ ಅಜ್ಜಿಗೂ ಒಗ್ಗುತ್ತದೆ. ತುಟಿ, ಬೆರಳ ಸೀಳು, ಮೊಣಕೈ, ಹಿಮ್ಮಡಿಗೆ ನಾನು ಮೊದಲು ಕೈಗೆ ಕೊಡುವುದು ಇದನ್ನೇ.

ಆದರೆ ಇದರಲ್ಲಿ ನೀರಿಲ್ಲ. ಒಣಗಿದ ಚರ್ಮದ ಮೇಲೆ ಬಳಿದರೆ ಒಣಗಿದ್ದನ್ನೇ ಮುಚ್ಚಿದ ಹಾಗೆ. ಒದ್ದೆ ಇರುವಾಗಲೇ ತೆಳ್ಳಗೆ ಎಳೆಯಬೇಕು. ಬೆಳಗ್ಗೆ ಹಚ್ಚಿಕೊಂಡು ಟೂ ವೀಲರ್ ಹತ್ತಿದರೆ ಕರ್ವೆ ರಸ್ತೆಯ ಧೂಳೆಲ್ಲ ಕೈಗೆ ಅಂಟುತ್ತದೆ. ಬಟ್ಟೆಗೂ ಕಲೆ. ಅದಕ್ಕೇ ಇದು ರಾತ್ರಿಯ ವಸ್ತು.

ಒಂದು ಎಚ್ಚರಿಕೆ. ಜೆಲ್ಲಿ ನೆನೆದ ಬಟ್ಟೆಗೆ ಬೆಂಕಿ ಹತ್ತಿದರೆ ಬೇಗ ಹಬ್ಬುತ್ತದೆ. ನಮ್ಮ ಸೊಸೈಟಿಯ ಕಾವಲುಗಾರರು ರಾತ್ರಿ ಶೇಕೋಟಿ, ಅಂದರೆ ಚಳಿ ಕಾಯಿಸಲು ಬೆಂಕಿ, ಹಾಕಿ ಕೂರುತ್ತಾರೆ. ಅವರಿಗೆ ಜೆಲ್ಲಿ ಡಬ್ಬಿ ಕೊಡುವಾಗೆಲ್ಲ ಬೆಂಕಿ ಕಾಯಿಸಿಕೊಂಡು ಬಂದ ಮೇಲೆ, ಮಲಗುವಾಗ ಹಚ್ಚಿ ಅಂತ ಹೇಳಿಯೇ ಕೊಡುತ್ತೇನೆ.

ಲೋಷನ್, ಕ್ರೀಮ್, ಮತ್ತು ಎಂಟುನೂರರ ಪ್ರಶ್ನೆ

ಲೋಷನ್‌ನಲ್ಲಿ ನೀರು ಹೆಚ್ಚು, ಕ್ರೀಮ್‌ನಲ್ಲಿ ಎಣ್ಣೆ ಹೆಚ್ಚು. ಲೋಷನ್ ಬೇಗ ಹರಡುತ್ತದೆ, ಅಂಟುವುದಿಲ್ಲ, ಆಫೀಸಿಗೆ ಹೊರಡುವವರಿಗೆ ಸಲೀಸು. ಆದರೆ ಮಧ್ಯಾಹ್ನಕ್ಕೆ ಅದರ ಕಥೆ ಮುಗಿದಿರುತ್ತದೆ, ಇನ್ನೊಮ್ಮೆ ಹಚ್ಚಬೇಕು. ಬಾಟಲಿಯ ಹಿಂದಿನ ಸಣ್ಣ ಅಕ್ಷರದ ಪಟ್ಟಿ ಓದಿ. ಮೊದಲ ಮೂರು-ನಾಲ್ಕು ಹೆಸರುಗಳಲ್ಲಿ ಗ್ಲಿಸರಿನ್ ಇದ್ದರೆ ತಗೊಳ್ಳಿ. ಮುಂದುಗಡೆ ಬಾದಾಮಿ, ಕೇಸರಿ, ಜೇನು ಅಂತ ದೊಡ್ಡದಾಗಿ ಬರೆದಿದ್ದರೂ ಹಿಂದಿನ ಪಟ್ಟಿಯಲ್ಲಿ ಅವು ಕೊನೆಗೆ ಬಂದಿದ್ದರೆ ಇರುವುದು ಹೆಸರಿಗಷ್ಟೇ.

ಸಿರಾಮೈಡ್ ಇರುವ ದುಬಾರಿ ಕ್ರೀಮ್ ಮೋಸವೇನಲ್ಲ. ಚರ್ಮದ ಜಿಡ್ಡಿನಲ್ಲಿ ಸಿರಾಮೈಡ್ ನಿಜಕ್ಕೂ ಇದೆ. ಹುಟ್ಟಿನಿಂದ ಚರ್ಮ ಸೂಕ್ಷ್ಮ ಇರುವವರಿಗೆ, ಎಕ್ಸಿಮಾ ಇರುವ ಮಕ್ಕಳಿಗೆ, ಸುವಾಸನೆಯ ಲೋಷನ್ ಹಚ್ಚಿದರೆ ಕೆಂಪಾಗುವವರಿಗೆ ಅದಕ್ಕೆ ಹಾಕಿದ ದುಡ್ಡು ಸಾರ್ಥಕ. ಬರೀ ಚಳಿಗೆ ಕಾಲು ಬೆಳ್ಳಗಾಗುವವರಿಗೆ ಅಷ್ಟು ಬೇಕಾಗಿಲ್ಲ. ಮುಖಕ್ಕೆ ಅದು, ಕೈಕಾಲಿಗೆ ಅಗ್ಗದ ಗ್ಲಿಸರಿನ್ ಲೋಷನ್ ಅಂತ ಹಂಚಿಕೊಂಡರೆ ಒಂದು ಟ್ಯೂಬ್ ಚಳಿಗಾಲದ ಬಹುಪಾಲು ದಾಟಿಸುತ್ತದೆ.

ಇನ್ನೂ ಅಗ್ಗ ಬೇಕೆಂದರೆ ಗ್ಲಿಸರಿನ್ ಬಾಟಲಿಯನ್ನೇ ತನ್ನಿ. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಗುಲಾಬಿ ನೀರು. ಬರೀ ಗ್ಲಿಸರಿನ್ ಹಚ್ಚಬಾರದು, ಗಾಳಿಯಲ್ಲಿ ತೇವ ಇಲ್ಲದಾಗ ಅದು ಚರ್ಮದ ಒಳಗಿನ ನೀರನ್ನೇ ಎಳೆಯುತ್ತದೆ. ಈ ಮಿಶ್ರಣಕ್ಕೆ ನಿಂಬೆರಸ ಹಿಂಡುವ ರೂಢಿ ಬಿಟ್ಟುಬಿಡಿ. ಸೀಳಿದ್ದಲ್ಲಿ ಉರಿಯುತ್ತದೆ, ನಿಂಬೆ ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಕಲೆಯೂ ಆಗಬಹುದು.

ಹಸಿರು ಟ್ಯೂಬಿನ ಬೊರೊಲಿನ್ ಕೇಳುವವರು ಈಗಲೂ ಇದ್ದಾರೆ. 1929ರಿಂದ ಕೋಲ್ಕತ್ತದಿಂದ ಬರುತ್ತಿರುವ ಸಾಮಾನು. ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು), ಜಿಂಕ್ ಆಕ್ಸೈಡ್ ಇರುವುದರಿಂದ ಬಿರಿದ ಜಾಗಕ್ಕೆ ಚೆನ್ನ. ಬೋರಿಕ್ ಆಸಿಡ್ ಇರುವುದರಿಂದ ಕೂಸುಗಳಿಗೂ ದೊಡ್ಡ ಗಾಯಗಳಿಗೂ ಬೇಡ.

ಸಾಬೂನು ಬದಲಿಸದೆ ಕ್ರೀಮ್ ಬದಲಿಸಿದರೆ

ಇದನ್ನು ಸ್ವಲ್ಪ ನಿಧಾನ ಓದಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಬಾಲೇವಾಡಿಯಿಂದ ಒಬ್ಬರು ಮೂರು ವರ್ಷ ಬೇರೆ ಬೇರೆ ಕ್ರೀಮ್ ಕೊಂಡರು. ಕಾಲಿನ ತುರಿಕೆ ಹೋಗಲಿಲ್ಲ. ಕೇಳಿದರೆ ಗೀಸರ್ ನೀರಲ್ಲಿ ಇಪ್ಪತ್ತು ನಿಮಿಷ ಸ್ನಾನ, ಎರಡು ಸಲ ಸಾಬೂನು. ಅವರ ಸೊಸೈಟಿಗೆ ಬರುವುದು ಟ್ಯಾಂಕರ್ ನೀರು. ಬಕೆಟ್ ಅಂಚಿಗೆ ಬಿಳಿ ಪಟ್ಟಿ ಕಟ್ಟುವಷ್ಟು ಗಡಸು. ಗಡಸು ನೀರಲ್ಲಿ ಸಾಬೂನು ನೊರೆ ಬರುವುದಿಲ್ಲ, ತೊಳೆದರೂ ಪೂರ್ತಿ ಹೋಗುವುದಿಲ್ಲ, ಚರ್ಮದ ಮೇಲೆ ಗಸಿಯಾಗಿ ಉಳಿದು ತುರಿಸುತ್ತದೆ.

ಸಾಬೂನಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂಬ ಅಂಕಿ ಇರುತ್ತದೆ, ಅದರೊಳಗಿನ ಕೊಬ್ಬಿನಂಶದ ಲೆಕ್ಕ. ಭಾರತೀಯ ಮಾನಕದ ಪ್ರಕಾರ 76ಕ್ಕೆ ಮೇಲೆ ಇದ್ದರೆ ಗ್ರೇಡ್ 1, 70ಕ್ಕೆ ಗ್ರೇಡ್ 2, 60ಕ್ಕೆ ಗ್ರೇಡ್ 3. ಬೇಥಿಂಗ್ ಬಾರ್ ಎಂದು ಬರೆದಿದ್ದರೆ ಅದು ಈ ಗ್ರೇಡುಗಳ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ಪಟ್ಟಿ ಓದಿಯೇ ಕೊಳ್ಳಬೇಕು. ಬೆಂಗಳೂರಿನಿಂದ ಬರುವಾಗೆಲ್ಲ ನಾವು ಚೀಲದಲ್ಲಿ ತುಂಬಿಕೊಂಡು ಬರುವ ಮೈಸೂರು ಸ್ಯಾಂಡಲ್ ಗ್ರೇಡ್ 1. 1916ರಿಂದ ಬಂದ ಹೆಸರು, ಆ ಪರಿಮಳಕ್ಕೆ ನನ್ನ ಮನಸ್ಸೂ ಸೋಲುತ್ತದೆ. ಆದರೂ ನಿಜ ಹೇಳಬೇಕು. ಎಷ್ಟೇ ಒಳ್ಳೆಯದಾದರೂ ಸಾಬೂನು ಸಾಬೂನೇ, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) 9-10, ಚರ್ಮದ್ದು 5ರ ಆಸುಪಾಸು. ಮೈ ತುಂಬಾ ಒಣಗುವವರು ಎರಡು ತಿಂಗಳ ಮಟ್ಟಿಗೆ ಸೋಪ್ ಅಲ್ಲದ ಸಿಂಡೆಟ್ ಬಾರ್‌ಗೆ ಬದಲಿಸಿ. ಬೆಲೆ ಜಾಸ್ತಿ. ಕೈಗೆಟುಕದಿದ್ದರೆ ಇರುವ ಸಾಬೂನನ್ನೇ ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಹಾಕಿ. ಕೈಕಾಲಿಗೆ ಬರೀ ನೀರು ಸಾಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ನೀರು ಉಗುರುಬೆಚ್ಚಗೆ, ಸ್ನಾನ ಹತ್ತು ನಿಮಿಷದೊಳಗೆ. ಟವೆಲಿನಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಮೈ ಇನ್ನೂ ಹಸಿ ಇರುವಾಗ, ಮೂರು ನಿಮಿಷದೊಳಗೆ, ನಿಮ್ಮ ಹತ್ತಿರ ಏನಿದೆಯೋ ಅದನ್ನು ಹಚ್ಚಿ. ಡಬ್ಬಿ ಬೀರುವಿನಲ್ಲಿದ್ದರೆ ಇದು ಆಗುವುದಿಲ್ಲ, ಬಚ್ಚಲಲ್ಲೇ ಇಡಿ. ಎಣ್ಣೆ ಹಚ್ಚುವವರು ಮಾತ್ರ ಹೊರಗೆ ಬಂದು ಹಚ್ಚಿ, ಬಚ್ಚಲ ಟೈಲ್ಸ್ ಮೇಲೆ ಎಣ್ಣೆ ಬಿದ್ದರೆ ಜಾರಿ ಬೀಳುವುದು ವಯಸ್ಸಾದವರೇ. ಬಾಲೇವಾಡಿಯವರಿಗೆ ಹೊಸ ಕ್ರೀಮ್ ಏನೂ ಕೊಡಲಿಲ್ಲ. ಇಷ್ಟು ಬದಲಿಸಿ, ಇರುವ ಲೋಷನ್ನೇ ಹಚ್ಚಿ ಅಂದೆ. ಎರಡು ವಾರ ಬಿಟ್ಟು ಬಂದು ಕಾಲು ತೋರಿಸಿದರು. ಉಗುರಲ್ಲಿ ಗೀರಿದರೆ ಬಿಳಿ ಗೆರೆ ಬೀಳುತ್ತಿರಲಿಲ್ಲ.

ಇನ್ನೊಂದು, ಸ್ಕ್ರಬ್. ಹೊಸದಾಗಿ ಪುಣೆಗೆ ಬಂದಾಗ ಪಾರ್ಲರ್ ಒಂದರಲ್ಲಿ "ಚಳಿಗಾಲದ ಪ್ಯಾಕೇಜ್" ಅಂತ ನನ್ನ ತೋಳು, ಕಾಲು ಪೂರ್ತಿ ಉಪ್ಪಿನಂಥ ಹರಳಿನಲ್ಲಿ ಉಜ್ಜಿದರು. ಅಂದು ನುಣುಪು. ಮೂರನೆಯ ದಿನ ಉರಿಯಿಂದ ಉದ್ದ ತೋಳಿನ ಬಟ್ಟೆಯೂ ಹಾಕಲಾಗಲಿಲ್ಲ. ಒಣಗಿದ ಚರ್ಮವನ್ನು ಕೆರೆದು ತೆಗೆಯುವುದು ಮದ್ದಲ್ಲ.

ಯಾರಿಗೆ ಯಾವುದು

ಹಿಂಜವಡಿಯಲ್ಲಿ ಇಡೀ ದಿನ ಎಸಿಯಲ್ಲಿ ಕೂರುವ ಹುಡುಗರಿಗೆ, ಹುಡುಗಿಯರಿಗೆ: ಬೆಳಗ್ಗೆ ಗ್ಲಿಸರಿನ್ ಲೋಷನ್, ರಾತ್ರಿ ಕೈಗೆ, ತುಟಿಗೆ ಜೆಲ್ಲಿ. ಸಣ್ಣ ಟ್ಯೂಬ್ ಒಂದು ಬ್ಯಾಗಲ್ಲಿರಲಿ. ಹಾಸ್ಟೆಲ್‌ನಲ್ಲಿದ್ದು ದುಡ್ಡಿಗೆ ಕಷ್ಟ ಇದ್ದರೆ ಒಂದು ದೊಡ್ಡ ಜೆಲ್ಲಿ ಡಬ್ಬಿಯೇ ಸಾಕು, ಒದ್ದೆ ಮೈಗೆ ಹಚ್ಚಬೇಕು ಅಷ್ಟೆ.

ದಿನವಿಡೀ ಪಾತ್ರೆ, ಬಟ್ಟೆ ಅಂತ ಕೈ ನೀರಲ್ಲಿರುವವರಿಗೆ ಲೋಷನ್ ದಂಡ, ಮುಂದಿನ ಪಾತ್ರೆಗೇ ಹೋಗುತ್ತದೆ. ತೊಳೆಯುವಾಗ ರಬ್ಬರ್ ಕೈಗವಸು, ಕೆಲಸ ಮುಗಿದ ಮೇಲೆ ಜೆಲ್ಲಿ.

ಮೂಗಿನ ಪಕ್ಕ, ಹುಬ್ಬಿನಲ್ಲಿ ಹೊಟ್ಟು ಏಳುತ್ತಿದ್ದರೆ ಅದನ್ನು ಒಣಚರ್ಮ ಅಂದುಕೊಂಡು ಎಣ್ಣೆ ಹಚ್ಚಬೇಡಿ. ಅದು ತಲೆಹೊಟ್ಟಿನ ಜಾತಿಯದೇ ಇರಬಹುದು, ಎಣ್ಣೆಗೆ ಇನ್ನೂ ಹೆಚ್ಚುತ್ತದೆ.

ಸ್ವೆಟರ್ ತಾಗಿದಲ್ಲೆಲ್ಲ ತುರಿಸುವ ಮಕ್ಕಳಿಗೆ ಒಳಗೆ ಹತ್ತಿ ಬನಿಯನ್ ಹಾಕಿ, ಕ್ರೀಮ್ ಪ್ರಶ್ನೆ ಆಮೇಲೆ.

ವಯಸ್ಸಾದವರ ಕಾಲು ಮೀನಿನ ಹುರುಪೆಯ ಹಾಗೆ ಬಿರಿದಿದ್ದರೆ ಶೇ. 10ರ ಯೂರಿಯಾ ಕ್ರೀಮ್ ಒಳ್ಳೆಯದು. ನೀರನ್ನೂ ಹಿಡಿಯುತ್ತದೆ, ಒರಟು ಪದರವನ್ನೂ ಮೆತ್ತಗೆ ಮಾಡುತ್ತದೆ. ಸೀಳಿದ್ದಲ್ಲಿ ಉರಿಯುತ್ತದೆ, ಆ ಜಾಗಕ್ಕೆ ಮೊದಲು ನಾಲ್ಕು ದಿನ ಜೆಲ್ಲಿ ಹಚ್ಚಿ ಮುಚ್ಚಿಸಿಕೊಳ್ಳಿ. ಚಳಿ ಹೋದರೂ ಒಣಗುವುದು ನಿಲ್ಲದಿದ್ದರೆ ಥೈರಾಯಿಡ್, ಸಕ್ಕರೆ, ಮೂತ್ರಪಿಂಡ ಒಮ್ಮೆ ನೋಡಿಸಿ. ಕೆಂಪಾಗಿ ನೀರು ಸುರಿಯುತ್ತಿದ್ದರೆ, ತುರಿಕೆಗೆ ನಿದ್ದೆ ಬರದಿದ್ದರೆ, ಮನೆಯವರಿಗೆಲ್ಲ ರಾತ್ರಿಯೇ ತುರಿಸುತ್ತಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಕೊನೆಯದು ಕಜ್ಜಿ ಇರಬಹುದು, ಅದಕ್ಕೆ ಯಾವ ಲೋಷನ್ನೂ ಮದ್ದಲ್ಲ. ದಯವಿಟ್ಟು ಒಂದು ಮಾತು: ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಬರೆದ ಟ್ಯೂಬನ್ನು ಡಾಕ್ಟರ ಚೀಟಿ ಇಲ್ಲದೆ ಕೇಳಬೇಡಿ. ಸ್ಟಿರಾಯ್ಡ್ ಅದು. ಎರಡು ದಿನಕ್ಕೆ ತುರಿಕೆ ನಿಲ್ಲಿಸುತ್ತದೆ, ತಿಂಗಳಾನುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಷ್ಟು ತೆಳ್ಳಗಾಗುತ್ತದೆ. ನಾನು ಕೊಡುವುದಿಲ್ಲ ಅಂದಾಗ ಬೇಜಾರಾಗಬೇಡಿ.

ಹಿಮ್ಮಡಿ

ಹಿಮ್ಮಡಿಗೆ ನನ್ನ ಮನಸ್ಸಿರುವುದು ಮುರುಗಲ ತುಪ್ಪದ ಮೇಲೆ. ದಕ್ಷಿಣ ಕನ್ನಡದವರು ಪುನರ್ಪುಳಿ ಅನ್ನುತ್ತಾರಲ್ಲ, ಅದೇ ಹಣ್ಣಿನ ಬೀಜದ ಕೊಬ್ಬು. ಕೊಂಕಣದಿಂದ ಬರುವ ಕೋಕಮ್ ಮಾರುವ ಪುಣೆಯ ಅಂಗಡಿಗಳಲ್ಲಿ ಮುಠೇಲ್ ಅಂತ, ಗೋವಾದಲ್ಲಿ ಭಿರಂಡೇಲ್ ಅಂತ ಕೇಳಿ. ಮೊಟ್ಟೆಯಾಕಾರದ ಮಾಸಲು ಬಿಳಿ ಉಂಡೆ, ಕೈಗೆ ಕಲ್ಲಿನಷ್ಟು ಗಟ್ಟಿ. ಸುಮಾರು 38-40 ಡಿಗ್ರಿಗೆ ಕರಗುತ್ತದೆ. ಚಮಚದಲ್ಲಿ ಚೂರು ಕೆತ್ತಿ ಸಣ್ಣ ಉರಿಗೆ ಹಿಡಿದರೆ ಕ್ಷಣದಲ್ಲಿ ಹನಿಯಾಗುತ್ತದೆ. ಸುಡದಷ್ಟು ಆರಿದ ಮೇಲೆ ಸೀಳಿನೊಳಗೆ ಬಿಟ್ಟರೆ ಅಲ್ಲೇ ಮತ್ತೆ ಹೆಪ್ಪುಗಟ್ಟಿ ಕೂರುತ್ತದೆ. ಜೆಲ್ಲಿ ಹಾಸಿಗೆಗೆ ಒರೆಸಿಹೋಗುವ ಹಾಗೆ ಇದು ಹೋಗುವುದಿಲ್ಲ.

ಕರಗಿಸುವ ವ್ಯವಧಾನ ಇಲ್ಲದವರು ಜೆಲ್ಲಿ ಹಚ್ಚಿ. ಹಿಮ್ಮಡಿ ದಪ್ಪಗಟ್ಟಿ ಚಪ್ಪಡಿಯಾಗಿದ್ದರೆ ಎರಡೂ ಸಾಲದು, ಶೇ. 20-25ರ ಯೂರಿಯಾ ಬೇಕು. ಸಕ್ಕರೆ ಕಾಯಿಲೆಯವರು ಬ್ಲೇಡಿನಿಂದ ಕೊಯ್ಯುವುದು, ಕಲ್ಲಿನಿಂದ ಜೋರಾಗಿ ಉಜ್ಜುವುದು ಮಾಡಲೇಬಾರದು, ಬೆರಳುಗಳ ಸಂದಿಗೆ ಏನೂ ಹಚ್ಚಬಾರದು, ಸೀಳು ಕಂಡರೆ ಡಾಕ್ಟರಿಗೆ ತೋರಿಸಬೇಕು.

ನಮ್ಮತ್ತೆಯ ಹಿಮ್ಮಡಿ ನಡೆಯುವಾಗ ಸೀರೆಯ ಫಾಲ್‌ಗೆ ಸಿಕ್ಕಿ ಸರ್ರನೆ ನೂಲು ಎಳೆಯುತ್ತಿತ್ತು. ರಾತ್ರಿ ಹತ್ತು ನಿಮಿಷ ಬೆಚ್ಚನೆ ನೀರಲ್ಲಿ ಕಾಲಿಟ್ಟು, ಒತ್ತಿ ಒರೆಸಿ, ಮುರುಗಲ ತುಪ್ಪ ಹಚ್ಚಿ, ಮೇಲೆ ಹತ್ತಿ ಕಾಲುಚೀಲ. ಎರಡು ವಾರ ಒಂದು ದಿನವೂ ತಪ್ಪಿಸಲಿಲ್ಲ. ಆ ಕಾಲುಚೀಲ ಮಾತ್ರ ಬೇರೆಯಾಗಿ, ಬಿಸಿನೀರಲ್ಲಿ ಒಗೆಯಿರಿ. ಉಳಿದ ಬಟ್ಟೆಗೆಲ್ಲ ಜಿಡ್ಡು ಹತ್ತುತ್ತದೆ.